ಬೂದು ಮಣ್ಣಿನ ಪಂಚನಾಮೆ

2019ರ ಮೇ 6, ಸೋಮವಾರ ಬೆಳಿಗ್ಗೆ 9.40. ವಿಸ್ಕಾನ್ಸಿನ್‌ನ ಟ್ಯಾಮರಾಕ್ ಕೌಂಟಿಯ ಶೆರಿಫ್ ಠಾಣೆಗೆ ಕೆಯ್ಲಾ ಬ್ರಾಟ್ಸ್ ಎಂಬ ಇಪ್ಪತ್ತನಾಲ್ಕರ ಹೆಂಗಸು ಬಂದು ತನ್ನ ಮೇಲೆ ತಾನೇ ದೂರು ಕೊಟ್ಟಳು.

"ನನ್ ಮಗೂನ ನಾನೇ ಸಾಯಿಸ್ದೆ. ಬರ್ಕೊಳ್ಳಿ."

ಡಿಟೆಕ್ಟಿವ್ ಅರ್ಲೀನ್ ಶೂಲ್ಟ್ಸ್ ಪೆನ್ನು ಕೆಳಗಿಟ್ಟಳು. "ಹೇಗಮ್ಮ?"

"ಹಾಲಿನ ಪುಡಿ ಕಲಸಿದ್ದು ನಮ್ ಬಾವಿ ನೀರಲ್ಲಿ. ಮೈಯೆಲ್ಲಾ ನೀಲಿ ಆಗೋಯ್ತು. ನೀರೇ ವಿಷ ಅಂದ್ರು ಡಾಕ್ಟ್ರು. ಕಲಸಿದ್ ಕೈ ನಂದಲ್ವಾ?"

ಮಗುವಿನ ಹೆಸರು ಓಪಲ್, ವಯಸ್ಸು ಏಳು ವಾರ. ಪ್ರಯೋಗಾಲಯದ ವರದಿಯ ಪ್ರಕಾರ ಬಾವಿ ನೀರಿನಲ್ಲಿ ಲೀಟರಿಗೆ ಹತ್ತು ಮಿಲಿಗ್ರಾಂ ಮೀರಬಾರದಿದ್ದ ನೈಟ್ರೇಟ್ ನಲವತ್ತೊಂದಿತ್ತು. ಸೆಪ್ಟಿಕ್ ಟ್ಯಾಂಕಿನ ಕೊಳೆನೀರು ಬಾವಿಗೆ ಇಳಿದಿತ್ತು. ಆದರೆ ಹಿಂದಿನ ಆಗಸ್ಟ್‌ನಲ್ಲಿ ಕೆಯ್ಲಾ ಮನೆ ಕೊಳ್ಳುವಾಗ, ಹಳೆಯ ಟ್ಯಾಂಕಿಗೆ ಈ ಜಾಗ ಯೋಗ್ಯವೆಂದು ಮಣ್ಣು ಪರೀಕ್ಷಕ ವೆಂಡೆಲ್ ಓಸ್ಟ್‌ಬಿ ಪ್ರಮಾಣಪತ್ರ ಕೊಟ್ಟಿದ್ದ. ಆರು ಅಡಿವರೆಗೂ ಮಣ್ಣು ಒಂದೇ ಕಂದು ಬಣ್ಣ, ನೀರು ನಿಂತ ಗುರುತಿಲ್ಲ ಎಂದು ಬರೆದಿದ್ದ. ಮೂವತ್ತೆಂಟು ವರ್ಷದಿಂದ ಕೌಂಟಿಯ ಹಿತ್ತಿಲುಗಳನ್ನೆಲ್ಲ ಅಗೆದವನು.

"ಲಂಚ ತಿಂದಿರಬಹುದಾ?" ಎಂದಳು ಅರ್ಲೀನ್.

"ವೆಂಡೆಲ್ಲಾ?" ಡೆಪ್ಯುಟಿ ಟೋಲೆಫ್ಸನ್ ನಕ್ಕ. "ಪುಕ್ಕಟೆ ಕಾಫಿ ಕೂಡ ಕುಡಿಯಲ್ಲ ಮೇಡಂ, ಅಂಥಾ ಹಠಮಾರಿ ಮುದುಕ."

ಮೇ 8, ಬೆಳಿಗ್ಗೆ 10.15ಕ್ಕೆ ಸ್ಥಳ ಪಂಚನಾಮೆ. ವೆಂಡೆಲ್‌ನನ್ನೂ ಕರೆಸಲಾಗಿತ್ತು. ಕೊಳೆನೀರು ಇಂಗುವ ಜಾಗದ ಪಕ್ಕದಲ್ಲೇ ಟೋಲೆಫ್ಸನ್ ಅಗೆಯತೊಡಗಿದ.

"ಗುದ್ದಲಿ ಹಿಡಿಯೋ ಚಂದ ನೋಡು!" ಎಂದ ವೆಂಡೆಲ್. "ಡೋನಟ್ ತಿಂದು ತಿಂದು ಸೊಂಟಾನೇ ಬಗ್ತಿಲ್ಲ ನಿಂಗೆ."

ಹಿಮ ಕರಗುವ ಕಾಲದಲ್ಲಿ ನೆಲದಡಿಯ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿ ಮಣ್ಣು ಬೂದಾಗಿ, ನಡುವೆ ತುಕ್ಕಿನ ಕಲೆ ಬೀಳುತ್ತದೆ. ಬೇಸಿಗೆಯಲ್ಲಿ ಒಣಗಿದರೂ ಆ ಬಣ್ಣ ಹೋಗುವುದಿಲ್ಲ. ಎರಡೇ ಅಡಿಗೆ ಅದು ಕಾಣಿಸಿತು. ಅಷ್ಟು ಮೇಲಕ್ಕೆ ನೀರು ಬರುವ ಜಾಗದಲ್ಲಿ ಕೊಳೆನೀರು ನೇರ ಅಂತರ್ಜಲಕ್ಕೇ ಸೇರುತ್ತದೆ.

ವೆಂಡೆಲ್ ಗುಂಡಿಗಿಳಿದು ಮಣ್ಣನ್ನು ಬೆರಳಲ್ಲಿ ತಿಕ್ಕಿದ. "ಮರಳು ಜಾಸ್ತಿ, ಜೇಡಿ ಕಮ್ಮಿ." ಅದು ಸರಿಯಾಗಿತ್ತು.

"ಬಣ್ಣ?"

ಅವನು ಮಣ್ಣಿಗೆ ಹೋಲಿಸುವ ಬಣ್ಣದ ಪಟ್ಟಿ ಬಿಡಿಸಿ, ಒಂದೊಂದೇ ಚೌಕದ ಪಕ್ಕ ಮಣ್ಣು ಹಿಡಿದು ನೋಡಿದ. "ಕಂದು. ಕೆಳಗಿನತನಕ ಒಂದೇ."

ಟೋಲೆಫ್ಸನ್ ತಮಾಷೆಯೆಂದು ನಕ್ಕು, ಅರ್ಧಕ್ಕೇ ನಿಲ್ಲಿಸಿದ. ಅರ್ಲೀನ್ ಪಟ್ಟಿಯಲ್ಲಿ ಎರಡು ಚೌಕ ತೋರಿಸಿದಳು. ಒಂದು ಬೂದು, ಒಂದು ತುಕ್ಕು.

"ಇದ್ರಲ್ಲಿ ಬೂದು ಯಾವ್ದು ವೆಂಡೆಲ್?"

ಅವನ ಬೆರಳು ತುಕ್ಕಿನ ಮೇಲೆ ಕೂತಿತು.

"ಎಷ್ಟು ದಿನದಿಂದ ಹೀಗೆ?"

"ನಾಲ್ಕು ವರ್ಷ ಆಯ್ತಮ್ಮ. ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು."

"ಹಾಗಾದ್ರೆ ವರದಿ?"

"ಪಕ್ಕದ ಮನೇದು ಇತ್ತು, ಕಣ್ಣು ಚೆನ್ನಾಗಿದ್ದಾಗ ನಾನೇ ಬರ್ದಿದ್ದು. ಇಲ್ಲೂ ಅದೇ ಮಣ್ಣು ಅಂದ್ಕೊಂಡು ಅದನ್ನೇ ಇಳಿಸ್ದೆ."

ಪಕ್ಕದ ಮನೆ ದಿಬ್ಬದ ಮೇಲಿತ್ತು, ಇದು ತಗ್ಗಿನಲ್ಲಿ. ಅದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಣ್ಣದ ಪಟ್ಟಿ ಮಡಚಿ ಅರ್ಲೀನ್ ಕೈಗೆ ಕೊಟ್ಟ.

11.25ಕ್ಕೆ ಬಂಧನ. ಸುಳ್ಳು ಪ್ರಮಾಣಪತ್ರ, ನಿರ್ಲಕ್ಷ್ಯದಿಂದ ಸಾವು. ಮಣ್ಣಿನ ಮಾದರಿಗೆ ಮೊಹರು ಬಿತ್ತು. ಹೇಳಿಕೆಯಲ್ಲಿ ವೆಂಡೆಲ್ ಹೀಗೆಂದಿದ್ದಾನೆ: "ಕಣ್ಣು ಹೋಯ್ತು ಅಂದಿದ್ರೆ ಮಾರನೇ ದಿನದಿಂದ ನನ್ನನ್ನ ಯಾರೂ ಕರೀತಿರ್ಲಿಲ್ಲ. ಮಣ್ಣು ಬಿಟ್ರೆ ನಂಗೆ ಮಾತಾಡೋಕೂ ಏನೂ ಇಲ್ಲ." ಅವನು ದುಷ್ಟನಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅರ್ಲೀನ್‌ಗೆ ಬರೀ ಸಂಕಟವಾಯಿತು.

ಸಂಜೆ 4ಕ್ಕೆ ಅವಳು ಕೆಯ್ಲಾಳ ಮನೆಗೆ ಹೋಗಿ ಎಲ್ಲ ಹೇಳಿದಳು. "ತಪ್ಪು ನಿಮ್ದಲ್ಲ."

ಕೆಯ್ಲಾ ಮೊದಲ ಬಾರಿಗೆ ತಲೆಯೆತ್ತಿದಳು. "ನಾನು ಹುಷಾರಾಗೇ ಇದ್ದೆ. ಪ್ರತಿ ಸಲ ನೀರು ಅರ್ಧಕ್ಕೆ ಬರೋತನಕ ಕುದಿಸ್ತಿದ್ದೆ. ಅದ್ರಿಂದ ಸ್ವಲ್ಪನಾದ್ರೂ ಒಳ್ಳೇದಾಗಿರತ್ತೆ ಅಲ್ವಾ?"

ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಅರ್ಧವಾದರೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇಮ್ಮಡಿಯಾಗುತ್ತದೆ. ಅರ್ಲೀನ್ ಅದನ್ನು ಬೆಳಿಗ್ಗೆಯಷ್ಟೇ ಓದಿದ್ದಳು.

"ಹೂಂ," ಎಂದಳು. "ಒಳ್ಳೇದೇ ಮಾಡಿದ್ರಿ."

ಆ ಮಾತನ್ನು ಅವಳು ಕೇಸ್ ಡೈರಿಯಲ್ಲಿ ಬರೆಯಲಿಲ್ಲ.