ಇಸ್ತ್ರಿ ಹಾಕಬಾರದಿದ್ದ ನಾಲ್ಕು ಬೆಡ್‌ಶೀಟು

“ಇದನ್ನ ತೊಳೆದಿದ್ದು ಯಾರು?”

ಲಾಂಡ್ರಿಯ ಕೌಂಟರಿನ ಮೇಲೆ ನಾಲ್ಕು ಬೆಡ್‌ಶೀಟುಗಳು ಹಾಲಿನಂತೆ ಬೆಳ್ಳಗೆ ಕೂತಿದ್ದವು. ಅವುಗಳ ಮುಂದೆ ನಿಂತವಳ ಮುಖ ಮಾತ್ರ ಕೆಂಪಗಾಗಿತ್ತು.

“ನಾನೇ,” ಎಂದ ಲಾಂಡ್ರಿಯವನು, ಬಹುಮಾನಕ್ಕೆ ಕಾದವನ ಹಾಗೆ ಎದೆಯುಬ್ಬಿಸಿ. “ಮೂರು ನೀರು ಹಾಕಿದೆ. ಎಂಥಾ ಗಲೀಜು ಅಂತೀರಿ... ಈಗ ಒಂದು ಚುಕ್ಕೆ ಇಲ್ಲ, ನೋಡಿ.”

“ಅದು ನನ್ನ ಒಂದು ತಿಂಗಳ ಕೆಲಸ ಕಣ್ರೀ...”

ಉಬ್ಬಿದ್ದ ಎದೆ ಹಾಗೇ ಇಳಿಯಿತು.

ಅವಳು ಬಟ್ಟೆಗೆ ಅಚ್ಚು ಹಾಕುವವಳು. ಅವಳ ಮನೆಮಂದಿಗೋ ಕಂಡದ್ದನ್ನೆಲ್ಲ ಕೊಳ್ಳುವ ಚಟ. ಹಾಗೆ ಕೊಂಡು ಮೂಲೆಗೆ ಸೇರಿಸಿದ್ದ ವಸ್ತುಗಳಿಗೇ ಬಣ್ಣ ಬಳಿದು, ತಲೆಗೊಂದು ಬೆಡ್‌ಶೀಟಿನ ಮೇಲೆ ಒತ್ತಿದ್ದಳು. ಅಮ್ಮನದರಲ್ಲಿ ಮೂರು ಮಿಕ್ಸಿಗಳ ಮುಚ್ಚಳ, ಅಕ್ಕನದರಲ್ಲಿ ಹದಿನೇಳು ಮೊಬೈಲ್ ಕವರು. ಅಪ್ಪನದರಲ್ಲಿ ವ್ಯಾಯಾಮದ ಬೂಟು. ಆ ಬೂಟು ಒಂದು ದಿನವೂ ಮನೆ ಬಿಟ್ಟು ಹೊರಟಿರಲಿಲ್ಲವಾದ್ದರಿಂದ ಅಚ್ಚು ಬಹಳ ಚೆನ್ನಾಗಿ ಮೂಡಿತ್ತು. ನಾಲ್ಕನೆಯದು ಅವಳದೇ. ಅದರ ತುಂಬಾ ಬಣ್ಣದ ಬಾಟಲಿಗಳು, ಅರ್ಧಕ್ಕರ್ಧ ಇನ್ನೂ ಸೀಲು ಒಡೆಯದವು!

ಭಾನುವಾರ ಪ್ರದರ್ಶನ. ನೋಡಲು ಬಂದವರೇ ಅವನ್ನು ಟಬ್ಬಿನಲ್ಲಿ ತೊಳೆಯಬೇಕು, ಕೊಳ್ಳುವ ಹುಚ್ಚು ಬಣ್ಣದ ಜೊತೆ ಹರಿದುಹೋಗಬೇಕು ಎಂಬುದು ಅವಳ ಯೋಜನೆ. ಆ ಬಣ್ಣ ಕಾದರೆ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಕಾಯದಿದ್ದರೆ ನೀರಿಗೆ ಬಿಟ್ಟುಕೊಡುತ್ತದೆ. ಅದಕ್ಕೇ ಅವಳು ಇಸ್ತ್ರಿ ಮುಟ್ಟಿಸಿರಲಿಲ್ಲ. ಪ್ರದರ್ಶನದಲ್ಲಿ ಬಹುಮಾನ ಗೆದ್ದರೆ ಒಂದು ವರ್ಷ ಅವಳದೇ ಆದ ಕೆಲಸದ ಕೋಣೆ ಸಿಗುತ್ತಿತ್ತು. ಸೋತರೆ ಮತ್ತೆ ಪರದೆ ಕಾರ್ಖಾನೆ, ದಿನಕ್ಕೆ ಆರುನೂರು ಗುಲಾಬಿಯ ಅಚ್ಚು.

ಮಗಳಿಗೆ ಕೆಲಸ ಜಾಸ್ತಿಯಾಯಿತೆಂದು ಮರುಗಿದ ಅಮ್ಮ, ‘ಕೊಳೆ ಬಟ್ಟೆ’ಯನ್ನು ತಾವೇ ಲಾಂಡ್ರಿಗೆ ಮುಟ್ಟಿಸಿದ್ದರು.

“ಇನ್ನೂ ಐದು ದಿನ ಇದೆಯಲ್ಲ,” ಎಂದ ಲಾಂಡ್ರಿಯವನು, ಅವಳ ಕಥೆಯೆಲ್ಲ ಕೇಳಿ ಮೆಲ್ಲಗೆ. “ನನ್ನ ಇಸ್ತ್ರಿ ಮೇಜು ಉದ್ದ ಇದೆ. ನಾನೂ ಕೈ ಹಾಕ್ತೀನಿ.”

ಈ ಕೈಯನ್ನು ನಂಬುವುದೇ? ಆದರೆ ಅಷ್ಟು ಉದ್ದದ ಮೇಜು ಊರಲ್ಲಿ ಬೇರೆಲ್ಲೂ ಇರಲಿಲ್ಲ. ಮರುದಿನವೇ ಮಿಕ್ಸಿ ಮುಚ್ಚಳಗಳ ಚೀಲ ಹೊತ್ತು ಬಂದಳು.

ಅವನು ಬಟ್ಟೆ ಎಳೆದು ಹಿಡಿದರೆ ಒಂದು ಸುಕ್ಕೂ ಉಳಿಯುತ್ತಿರಲಿಲ್ಲ. ಅವಳು ಅಚ್ಚು ಒತ್ತುವಾಗ ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದ. ಇಷ್ಟು ಚಂದ ಬಂದದ್ದನ್ನು ನೀರಿಗೆ ಹಾಕಲೇಬೇಕೇ ಎಂದು ದಿನಕ್ಕೆರಡು ಸಲ ಕೇಳುತ್ತಿದ್ದ. ಅವಳು ಎರಡು ಸಲವೂ ಉಪನ್ಯಾಸ ಕೊಟ್ಟು, ಕೊನೆಗೆ ‘ಇಸ್ತ್ರಿ ಮಾತ್ರ ಮುಟ್ಟಿಸಬೇಡಿ’ ಎನ್ನುತ್ತಿದ್ದಳು. ಮೂರನೆಯ ದಿನ ಅವಳು ಒಂದು ಗಂಟೆ ಮೊದಲೇ ಬಂದಳು. ನಾಲ್ಕನೆಯ ದಿನ ಎರಡು ಗಂಟೆ.

‘ಬೆಡ್‌ಶೀಟಿಗಾಗಿ ತಾನೇ?’ ಎಂದು ಮನಸ್ಸನ್ನು ಕೇಳಿದಳು. ಮನಸ್ಸು ಜಾಣತನದಿಂದ ಸುಮ್ಮನಿತ್ತು.

ಭಾನುವಾರ ಬಂತು. ಟಬ್ಬಿಗೆ ಮೊದಲು ಕೈ ಹಾಕಿದವರು ಅಮ್ಮ. ಉಜ್ಜಿದರು. ಸೆರಗು ಸಿಕ್ಕಿಸಿಕೊಂಡು ಮತ್ತೆ ಉಜ್ಜಿದರು. ಮೂರು ಮಿಕ್ಸಿಯೂ ಜಪ್ಪಯ್ಯ ಅನ್ನಲಿಲ್ಲ.

ಅವಳು ಟಬ್ಬಿನತ್ತ ಬಾಗಿ ನೋಡಿದಳು. ತಿರುಗಿ ನೋಡಿದರೆ ಲಾಂಡ್ರಿಯವನು ನೆಲ ನೋಡುತ್ತಿದ್ದ.

“ಇಸ್ತ್ರಿ ಹಾಕಿದ್ರಾ?”

“ಹ್ಞೂಂ... ಕೈ ಅಭ್ಯಾಸ.”

“ಒಂದು ಸಲ ತೊಳೆದು ಕೆಡಿಸಿದ್ರಿ, ಈಗ ತೊಳೆಯೋಕಾಗದ ಹಾಗೆ ಕೆಡಿಸಿದ್ರಿ. ನಿಮ್ಮ ಸಹವಾಸವೇ ಸಾಕು.”

ಅವನು ಹೊರಟುಹೋದ.

“ಹಾಳಾದ್ದು, ಈ ಮಿಕ್ಸಿ ಬಿಡ್ತಾನೇ ಇಲ್ವಲ್ಲ,” ಎಂದು ಅಮ್ಮ ಏದುಸಿರು ಬಿಟ್ಟರು.

“ನೀನು ಬಿಟ್ರೆ ತಾನೇ ಅದು ಬಿಡೋದು,” ಎಂದರು ಅಪ್ಪ.

ಸಭಾಂಗಣ ಗೊಳ್ಳೆಂದು ನಕ್ಕಿತು. ಅಮ್ಮ ಬೂಟಿನ ಬೆಡ್‌ಶೀಟನ್ನು ಅಪ್ಪನ ಕೈಗೆ ತುರುಕಿದರು. ಆ ಅಚ್ಚೂ ಹೋಗಲಿಲ್ಲ. ಹಿಂದೆ ನಿಂತವರು ತೋಳೇರಿಸಿ ಸಾಲು ಕಟ್ಟಿದರು. ಒಬ್ಬಾಕೆಯಂತೂ ತಮ್ಮ ಮನೆಯ ಕಪಾಟಿನ ಕಥೆಯೂ ಇದೇ ಎಂದು ನಗುತ್ತಾ ಕಣ್ಣೊರೆಸಿಕೊಂಡಳು. ಸಂಜೆಗೆ ಮುನ್ನವೇ ವ್ಯವಸ್ಥಾಪಕಿ ಬಂದು ಕೋಣೆಯ ಕೀಲಿ ಕೊಟ್ಟರು. ಇದು ತಾನು ಯೋಚಿಸಿದ್ದಲ್ಲ ಎಂದು ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಯಾರು ಯೋಚಿಸಿದರೂ ಕೋಣೆ ನಿಮ್ಮದೇ ಎಂದರು ಅವರು.

ಗೆದ್ದಿದ್ದಳು. ಆದರೂ ಅವಳ ಕಣ್ಣು ಆ ಜನಸಂದಣಿಯಲ್ಲಿ ಒಂದೇ ಮುಖ ಹುಡುಕುತ್ತಿತ್ತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದುಕೊಂಡು ಒದ್ದೆ ಕೈಯಲ್ಲೇ ಲಾಂಡ್ರಿಗೆ ಓಡಿದಳು.

ಅವನು ಒಂದೇ ದಿಂಬಿನ ಕವರಿಗೆ ಮತ್ತೆ ಮತ್ತೆ ಇಸ್ತ್ರಿ ಹಾಕುತ್ತಾ ನಿಂತಿದ್ದ.

“ಕೈ ಅಭ್ಯಾಸ ಅಂದಿದ್ದು ಸುಳ್ಳು,” ಎಂದಳು ಏದುತ್ತಾ. “ನೂರು ಸಲ ಹೇಳಿದ್ದೆ. ಗೊತ್ತಿದ್ದೂ ಯಾಕೆ ಹಾಕಿದ್ರಿ?”

ಅವನು ತಲೆಯೆತ್ತಲಿಲ್ಲ. “ಮೊದಲನೇ ಸಲ ಏನು ಅಂತ ಗೊತ್ತಿಲ್ಲದೆ ತೊಳೆದೆ. ಈ ಸಲ ಒಂದೊಂದು ಅಚ್ಚು ಒತ್ತುವಾಗಲೂ ನಿಮ್ಮನ್ನ ನೋಡಿದೀನಿ. ಅದೆಲ್ಲ ನೀರಲ್ಲಿ ಹೋಗೋದು ನೋಡೋಕೆ ನನ್ನಿಂದ ಆಗ್ಲಿಲ್ಲ... ತಪ್ಪೇ. ಆದ್ರೆ ಆಗ್ಲಿಲ್ಲ.”

ಅವಳ ಕಣ್ಣು ತುಂಬಿ ಬಂತು. ತನ್ನ ಕೆಲಸವನ್ನು ಇಷ್ಟು ಪ್ರೀತಿಸಿದವರು ಇದುವರೆಗೆ ಯಾರೂ ಇರಲಿಲ್ಲ.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಬೇಡ ಅಂತಿದ್ರಿ.”

“ಹೌದು, ಅಂತಿದ್ದೆ.” ಅವಳು ಅವನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದು ಪಕ್ಕಕ್ಕಿಟ್ಟಳು. “ಈಗ ಬೇರೆ ಏನಾದ್ರೂ ಕೇಳಿ. ಬೇಡ ಅನ್ನಲ್ಲ.”

ಅವನು ದಿಂಬಿನ ಕವರನ್ನು ಮಡಚಿ ಬದಿಗಿಟ್ಟ. ಕಡೆಗೆ, “ನಾಳೆನೂ ಬರ್ತೀರಾ?” ಎಂದ.

“ನಾಳೆ ಒಂದೇ ದಿನಾನಾ?”

“ಇಲ್ಲ... ದಿನಾ. ನಾವು ಮುದುಕರಾಗೋವರೆಗೂ.”

“ಬರ್ತೀನಿ,” ಎಂದಳು ಅವಳು, ಅವನ ಬಿಸಿ ಅಂಗೈಯನ್ನು ತನ್ನ ಒದ್ದೆ ಕೈಯಲ್ಲಿ ಹಿಡಿದುಕೊಂಡು.