ಇಸ್ತ್ರಿಗೆ ಅಂಜದ ಕಪ್ಪು ಗೆರೆ

“ಅದನ್ನ ತಗೋಬೇಡಿ!”

ಸಿಗ್ನಿ ಎತ್ತಿಕೊಂಡಿದ್ದ ಪ್ರಿಂಟರಿನ ಪೆಟ್ಟಿಗೆಯನ್ನು ಎದೆಗೆ ಇನ್ನಷ್ಟು ಅವುಚಿಕೊಂಡಳು. ಗಲ್ಲಾದ ಹಿಂದಿನಿಂದ ಬಂದ ದನಿ ಗಟ್ಟಿಯಾಗಿತ್ತು, ಒರಟಾಗಿರಲಿಲ್ಲ.

“ಯಾಕೆ? ಮಾರೋದಕ್ಕೆ ತಾನೆ ಇಟ್ಟಿರೋದು?”

“ಮಾರೋದಕ್ಕೇ. ಆದ್ರೆ ನಿಮಗಲ್ಲ.”

ಎಷ್ಟು ಧೈರ್ಯ ಇವನಿಗೆ!

ಲೈಲ್ ಹೌಗನ್ ಈ ಊರಿಗೆ ಬಂದು ಒಂದು ಚಳಿಗಾಲವಾಗಿತ್ತು. ಧಾನ್ಯದ ಕಣಜಗಳ ಪಕ್ಕದ ಅಂಗಡಿಯಲ್ಲಿ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ, ಹೊಸವನ್ನು ಮಾರುತ್ತಿದ್ದ. ಸಿಗ್ನಿ ಅವನ ಹೆಸರು ಕೇಳಿದ್ದಳು. ಆ ಬೂದುಗಣ್ಣುಗಳನ್ನು ನೋಡಿದ್ದು ಅಂದೇ ಮೊದಲು.

“ಪ್ರಿಂಟರ್ ಅಗ್ಗ, ಅದರ ಇಂಕು ದುಬಾರಿ,” ಎಂದ ಅವನು. “ಒಳಗಿರೋ ಡಬ್ಬಿ ಅರ್ಧ ತುಂಬಿರುತ್ತೆ. ಅದು ಮುಗಿದ್ಮೇಲೆ ಹೊಸ ಡಬ್ಬಿಗೆ ಹೆಚ್ಚುಕಮ್ಮಿ ಪ್ರಿಂಟರಿನ ದುಡ್ಡೇ ಹೋಗುತ್ತೆ. ತಿಂಗಳಿಗೆ ಎಷ್ಟು ಹಾಳೆ ತೆಗೀತೀರಿ?”

“ನಾನೂರು.”

“ಬಣ್ಣ ಬೇಕಾ?”

“ಕಪ್ಪು ಗೆರೆ ಸಾಕು.”

“ಹಾಗಾದ್ರೆ ಲೇಸರ್ ಪ್ರಿಂಟರ್ ತಗೊಳ್ಳಿ. ಒಮ್ಮೆ ಕೈ ಬಿಚ್ಚಬೇಕು, ಆಮೇಲೆ ಒಂದು ಡಬ್ಬಿ ಟೋನರ್ ಪುಡಿಯಲ್ಲಿ ಐದಾರು ತಿಂಗಳು ನಿಶ್ಚಿಂತೆ.”

ಆ ನಾನೂರು ಹಾಳೆ ಯಾತಕ್ಕೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಉತ್ತರ ಡಕೋಟಾದ ಈ ಸೀಮೆಯಲ್ಲಿ ಗಲ್ಲಾದ ಮುಂದೆ ನಿಂತವರನ್ನು ಹವೆ ಹೇಗಿದೆ ಎಂದು ಕೇಳುತ್ತಾರೆ, ಸಕ್ಕರೆ ಬೀಟ್ ಬಿತ್ತನೆ ಮುಗಿಯಿತೇ ಎಂದು ಕೇಳುತ್ತಾರೆ. ಮನೆಯೊಳಗಿನ ಕೆಲಸ ಕೇಳುವುದು ಮರ್ಯಾದೆಯಲ್ಲ.

ಆದರೂ ಅವನು ಕೇಳಬಾರದೇ ಎಂದು ಸಿಗ್ನಿಗೆ ಅನಿಸಿದ್ದು ನಿಜ...

*

ಮರುದಿನ ಪ್ರಿಂಟರ್ ಜೋಡಿಸಲು ಲೈಲ್ ಅವಳ ಮನೆಗೆ ಬಂದ. ಅವಳು ರೂಬಾರ್ಬಿನ ಹುಳಿ ದಂಟಿನಿಂದ ಮಾಡಿದ್ದ ಪೈ ಎರಡು ತುಂಡು ತಿಂದ. ಮುಂದಿನ ಗುರುವಾರ, “ಹಾಳೆ ಸಿಕ್ಕಿಕೊಳ್ತಿಲ್ಲ ತಾನೆ?” ಎಂದು ಬಂದ. ಅದರ ಮುಂದಿನ ಗುರುವಾರವೂ ಬಂದ. ಪ್ರಿಂಟರಿನ ಬಾಗಿಲು ತೆಗೆದು, ಊದಿ, ಮುಚ್ಚಿ, ಕಾಫಿ ಕುಡಿದು ಹೋಗುತ್ತಿದ್ದ. ಅವನ ಪಿಕಪ್ ಬೀಟ್ ಹೊಲದ ಅಂಚಿನ ಮಣ್ಣುದಾರಿಯಲ್ಲಿ ಧೂಳೆಬ್ಬಿಸಿಕೊಂಡು ಮರೆಯಾಗುವ ತನಕ ಸಿಗ್ನಿ ಕಿಟಕಿ ಬಿಡುತ್ತಿರಲಿಲ್ಲ.

ನನಗೆ ಮೂವತ್ತನಾಲ್ಕು. ಮನಸ್ಸು ಏನು ಹೇಳುತ್ತಿದೆ ಎಂದು ತಿಳಿಯದ ವಯಸ್ಸೇನಲ್ಲ...

ಸಿಗ್ನಿ ಕೌದಿಯ ನಕ್ಷೆಗಳನ್ನು ಬರೆಯುತ್ತಿದ್ದಳು. ಆ ಗೆರೆಗಳನ್ನು ಹಾಳೆಯ ಮೇಲೆ ಅಚ್ಚು ಹಾಕಿ ನಲವತ್ತು ಮಂದಿ ಹೆಂಗಸರಿಗೆ ತಿಂಗಳು ತಿಂಗಳು ಅಂಚೆಯಲ್ಲಿ ಕಳಿಸುತ್ತಿದ್ದಳು. ಅವರು ಬಟ್ಟೆಯ ತುಂಡುಗಳನ್ನು ಹಾಳೆಗೇ ಸೇರಿಸಿ, ಗೆರೆಯ ಮೇಲೇ ಹೊಲಿದು, ಇಸ್ತ್ರಿ ಹಾಕಿ, ಕೊನೆಗೆ ಹಾಳೆ ಹರಿದು ತೆಗೆಯುತ್ತಿದ್ದರು. ಎರಡು ವರ್ಷ ಕುತ್ತಿಗೆ ಬಗ್ಗಿಸಿ ದುಡಿದು ಸಂಪಾದಿಸಿದ ಹೆಸರು ಅದು. ಸಿಗ್ನಿಯ ಗೆರೆ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ ಅವಳ ಬದುಕು ನಿಂತಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ಆರ್ಡಿಸ್ ಚಿಕ್ಕಮ್ಮ ಬಾಗಿಲು ತಟ್ಟದೆ ನುಗ್ಗಿದಳು. ಇಡೀ ಊರಿನಲ್ಲಿ ಏನು ಬೇಕಾದರೂ ಕೇಳಬಲ್ಲವಳು ಅವಳೊಬ್ಬಳೇ.

“ಏನೇ ಇದು? ನನ್ನ ಕೌದಿಯ ಬಿಳಿ ನಕ್ಷತ್ರ ಒಲೆಯೊಳಗಿಂದ ಎದ್ದು ಬಂದ ಹಾಗಿದೆ ನೋಡು!”

ಬಿಳಿ ಬಟ್ಟೆಯ ಮೇಲೆ ಮಸಿಯ ಗೆರೆಗಳು ಉದ್ದುದ್ದ ಮೂಡಿದ್ದವು. ಇಸ್ತ್ರಿಯ ಬಿಸಿಗೆ ಟೋನರಿನ ಪುಡಿ ಕರಗಿ ಹಾಳೆಯಿಂದ ಬಟ್ಟೆಗೆ ಹತ್ತಿಕೊಂಡಿತ್ತು!

“ನಿನಗೊಬ್ಬಳಿಗೇನಾ, ಚಿಕ್ಕಮ್ಮ?”

“ನಾಲ್ಕು ಜನ ಆಗ್ಲೇ ನನಗೆ ಫೋನ್ ಮಾಡಿದ್ರು. ನಿನಗೆ ಮಾಡೋಕೆ ಅವರಿಗೆ ಸಂಕೋಚವಂತೆ. ಆ ಅಂಗಡಿಯವನು ತನಗೆ ಲಾಭ ಇರೋದನ್ನ ನಿನ್ನ ತಲೆಗೆ ಕಟ್ಟಿದಾನೆ, ಅಷ್ಟೇ!”

ಸಿಗ್ನಿ ಕೋಣೆಯ ಮೂಲೆಗೆ ಕಣ್ಣು ಹಾಯಿಸಿದಳು. ಹೊಲಿಗೆ ಮಷಿನ್ ಇರುವುದು ಪ್ರಿಂಟರಿನ ಪಕ್ಕದಲ್ಲೇ. ಇಸ್ತ್ರಿಯ ಹಲಗೆ ದಾಟದೆ ಪ್ರಿಂಟರಿನ ಹತ್ತಿರ ಹೋಗಲಾಗದು. ಅವನು ಆರು ಗುರುವಾರ ಅದನ್ನು ನೋಡಿದ್ದಾನೆ... ಹಾಗಾದರೆ ಆರ್ಡಿಸ್ ಹೇಳಿದ್ದು ಸರಿಯೇ?

ಪ್ರಿಂಟರನ್ನು ಹೊತ್ತುಕೊಂಡೇ ಅವಳು ಅಂಗಡಿಗೆ ಹೋದಳು. ಗಲ್ಲಾದ ಮೇಲೆ ದಬ್ಬನೆ ಇಟ್ಟಳು. ಮಸಿ ಹಿಡಿದ ನಕ್ಷತ್ರವನ್ನು ಅದರ ಮೇಲೆ ಹರಡಿದಳು.

“ನಮ್ಮ ಮನೆಗೆ ಬಂದ್ರಿ, ಎಲ್ಲ ನೋಡಿದ್ರಿ. ಒಂದು ಮಾತು ಹೇಳಬಾರದಿತ್ತಾ? ನಲವತ್ತು ಜನಕ್ಕೆ ಏನಂತ ಮುಖ ತೋರಿಸ್ಲಿ?”

ಲೈಲ್ ಬಟ್ಟೆಯನ್ನು ಬೆಳಕಿಗೆ ಹಿಡಿದ. ಮಸಿಯನ್ನು ಉಗುರಿನಿಂದ ಕೆರೆದು ನೋಡಿ, “ಇಸ್ತ್ರಿ ಎಷ್ಟು ಬಿಸಿ ಇಟ್ಟಿದ್ರು? ಆವಿ ಹಾಕಿದ್ರಾ?” ಎಂದ.

ಒಂದು ಕ್ಷಮೆಯ ಮಾತಿಲ್ಲ! ತಪ್ಪನ್ನು ಹೆಂಗಸರ ಕೈಗೇ ಅಂಟಿಸಲು ನೋಡುತ್ತಿದ್ದಾನೆ!

“ಇನ್ನು ನಮ್ಮ ಮನೆ ಕಡೆ ಬರೋದು ಬೇಡ,” ಎಂದು ಅವಳು ತಿರುಗಿ ನೋಡದೆ ಹೊರಟಳು.

*

ಆ ಗುರುವಾರ ಮಣ್ಣುದಾರಿಯಲ್ಲಿ ಧೂಳೇಳಲಿಲ್ಲ. ತಾನೇ ಬೇಡವೆಂದು, ತಾನೇ ಕಿಟಕಿಯಲ್ಲಿ ನಿಂತಿದ್ದಕ್ಕೆ ಸಿಗ್ನಿಗೆ ತನ್ನ ಮೇಲೇ ಸಿಟ್ಟು ಬಂತು.

ಶುಕ್ರವಾರ ಆರ್ಡಿಸ್ ಬಂದಾಗ ಅವಳ ಮುಖದ ಮೇಲೆ ಬೇರೆಯೇ ಕಳೆಯಿತ್ತು.

“ಆ ಲೈಲ್ ನನ್ನ ಹತ್ರ ಬಂದಿದ್ದ ಕಣೇ. ಮೂರು ಗಜ ಬಿಳಿ ಬಟ್ಟೆ ಬೇಕಂತೆ. ಯಾಕಪ್ಪಾ, ಮದುವೆಗಾ ಅಂದೆ. ಕಿವಿತನಕ ಕೆಂಪಾದ! ನಾಲ್ಕು ದಿನದಿಂದ ಅಂಗಡೀಲಿ ನಿಂತು ಇಸ್ತ್ರಿ ಹಾಕ್ತಿದಾನೆ. ಕಣಜಕ್ಕೆ ಬರೋ ಗಂಡಸರೆಲ್ಲ, ನನ್ನ ಶರ್ಟೂ ತಗೋ ಅಂತ ಗೇಲಿ ಮಾಡ್ತಿದಾರೆ.”

“ಅವನು ಲಾಭಕ್ಕೆ ಮಾರಿದ ಅಂದಿದ್ದು ನೀನೇ ಅಲ್ವಾ?”

“ಅಂದೆ. ತಪ್ಪಾಯ್ತು, ಈಗ ಬೇರೆ ಅಂತಿದೀನಿ. ಹೋಗೇ ನೋಡು!”

ಸಿಗ್ನಿ ಏಪ್ರನ್ ಬಿಚ್ಚುವುದನ್ನೂ ಮರೆತು ಹೊರಟಳು.

ಮಧ್ಯಾಹ್ನದ ಬಿಸಿಲು ಅಂಗಡಿಯೊಳಗೆ ಅರ್ಧಕ್ಕೆ ಬಂದಿತ್ತು. ಐದು ಪ್ರಿಂಟರುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮುಂದೆ ಬಿಳಿ ಬಟ್ಟೆಯ ಪಟ್ಟಿ. ಒಂದು ತುದಿಗೆ ‘ಒಣ ಇಸ್ತ್ರಿ’, ಇನ್ನೊಂದು ತುದಿಗೆ ‘ಆವಿ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

ಲೈಲ್ ತಲೆ ಎತ್ತಿದ. “ಲೇಸರ್ ಯಾವುದೇ ಆಗ್ಲಿ, ಬಿಸಿಗೆ ಬಟ್ಟೆ ಹಿಡಿಯುತ್ತೆ. ಡಬ್ಬಿ ಇಂಕಿನದ್ದು ಪರವಾಗಿಲ್ಲ, ಆದ್ರೆ ನಾನೂರು ಹಾಳೆಗೆ ನಿಮ್ಮನ್ನ ನುಂಗಿಬಿಡುತ್ತೆ. ಇವೆರಡು ಇಂಕ್ ಟ್ಯಾಂಕ್, ಬಾಟಲಿಯಿಂದ ಸುರಿಯೋದು. ಒಂದರ ಕಪ್ಪು ಆವಿಗೆ ಹರಡಿತು. ಇದರದ್ದು ನೋಡಿ.”

ಬಟ್ಟೆ ಹಾಲಿನಂತೆ ಬೆಳ್ಳಗಿತ್ತು.

“ಹಾಳೆಯ ಖರ್ಚು?”

“ಲೇಸರಿಗಿಂತ ಹೆಚ್ಚಿಲ್ಲ. ಆದ್ರೂ ಇಸ್ತ್ರಿಗೆ ನೀರು ಬೇಡ ಅಂತ ಹಾಳೆ ಮೇಲೇ ಒಂದು ಸಾಲು ಹಾಕಿ. ವಾರಕ್ಕೊಮ್ಮೆ ಒಂದು ಹಾಳೆ ತೆಗೀರಿ, ಇಲ್ಲಾಂದ್ರೆ ಇಂಕು ಒಣಗುತ್ತೆ.”

ಸಿಗ್ನಿ ಆ ಬೆಳ್ಳನೆಯ ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಅವತ್ತು ಅಷ್ಟು ಬೈದೆ... ತಿರುಗಿ ಬೈಲಿಲ್ಲ ನೀವು.”

“ಕಾಗದಕ್ಕೂ ಇಸ್ತ್ರಿ ಹಾಕ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ, ಸಿಗ್ನಿ. ಮೊದಲ ದಿನವೇ ಕೇಳಬೇಕಿತ್ತು. ನಿಮ್ಮ ಕೆಲಸದಲ್ಲಿ ಮೂಗು ತೂರಿಸಿದ ಹಾಗಾಗುತ್ತೆ ಅಂತ ಸುಮ್ಮನಾದೆ.”

“ನಾನಾದ್ರೂ ಹೇಳಿದ್ನಾ?” ಎಂದಳು ಅವಳು. “ಎಲ್ಲರಿಗೂ ಹೊಸ ಹಾಳೆ, ಹೊಸ ಬಿಳಿ ಬಟ್ಟೆ ಕಳಿಸ್ತೀನಿ. ತಪ್ಪು ನನ್ನದು ಅಂತ ಪತ್ರ ಬರೀತೀನಿ.”

“ನಮ್ಮದು ಅಂತ ಬರೀರಿ.”

ನಮ್ಮದು! ಆ ಒಂದು ಮಾತಿಗೆ ಸಿಗ್ನಿಯ ಒಳಗೆ ಏನೋ ಸ್ಥಿರವಾಗಿ ನಿಂತಿತು.

“ಗುರುವಾರಗಳಲ್ಲಿ ನಾನು ಬರ್ತಿದ್ದುದು...” ಅವನು ತಡವರಿಸಿದ.

“ಕೆಡದೇ ಇರೋ ಪ್ರಿಂಟರನ್ನ ಆರು ವಾರ ಯಾರು ಊದ್ತಾರೆ? ನೀವಾಗಿ ಹೇಳ್ತೀರ ಅಂತ ಕಾಯ್ತಿದ್ದೆ. ಇನ್ನು ಕಾಯಲ್ಲ. ನನಗೆ ನೀವು ಬೇಕು, ಲೈಲ್. ವಾರಕ್ಕೊಂದು ದಿನ ಅಲ್ಲ, ಜೀವನ ಪೂರ್ತಿ.”

ಲೈಲ್ ಇಸ್ತ್ರಿಯನ್ನು ನಿಧಾನವಾಗಿ ನೆಟ್ಟಗೆ ನಿಲ್ಲಿಸಿದ. ತಂತಿ ಕಿತ್ತ.

“ನಾನು ನಾಲ್ಕು ದಿನದಿಂದ ಇದೇ ಮಾತು ಕಟ್ಟಿಕೊಳ್ತಿದ್ದೆ,” ಎಂದ. “ನೀವು ಒಂದೇ ಉಸಿರಲ್ಲಿ ಹೇಳಿಬಿಟ್ರಿ!”

“ಹಾಗಾದ್ರೆ ಉತ್ತರ?”

“ಹೂಂ... ನೂರು ಸಲ ಹೂಂ!”

ಆಗ ಅವಳಿಗೆ ಅವನ ಹೆಬ್ಬೆರಳಿನ ಮೇಲಿನ ಬೊಬ್ಬೆ ಕಂಡಿತು.

“ಅಯ್ಯೋ, ಸುಟ್ಟುಕೊಂಡಿದೀರಾ! ಕೊಡಿ ಇಲ್ಲಿ.” ಎರಡೂ ಅಂಗೈಗಳ ನಡುವೆ ಅವನ ಕೈಯನ್ನು ತೆಗೆದುಕೊಂಡಳು. “ಉರಿಯುತ್ತಾ?”

“ಇಲ್ಲ.”

“ಸುಳ್ಳು.”

“ಸ್ವಲ್ಪ ಉರಿಯುತ್ತೆ... ಬಿಡಬೇಡಿ.”