ಆಡಿಟ್‌ಗೆ ಬಂದವಳು

"ರೀ, ನಿಂತ್ಕೊಳ್ಳಿ! ತಲೆಗೆ ಟೋಪಿ ಎಲ್ಲಿ?"

ಬರ್ಗರ್ ಅಂಗಡಿಗಳಿಗೆ ಚಿಕನ್ ಪೂರೈಸುವ ಆ ಘಟಕಕ್ಕೆ ಅವಳು ಬರ್ಗರ್ ಕಂಪನಿಯ ಪರವಾಗಿ ಶುಚಿತ್ವದ ಆಡಿಟ್‌ಗೆ ಬಂದಿದ್ದಳು. ಕೋಲ್ಡ್ ರೂಮಿಗೆ ಕ್ರೇಟ್ ಹೊತ್ತು ನುಗ್ಗುತ್ತಿದ್ದವನನ್ನು ಲಾರಿ ಡ್ರೈವರ್ ಅಂದುಕೊಂಡು ತಡೆದಳು.

"ಮರೆತೆ, ಮೇಡಂ."

"ನಿಮ್ಮ ಓನರ್‌ಗೆ ಹೇಳ್ತೀನಿ."

"ಹೇಳಿ. ನಮ್ಮಪ್ಪನೇ ಓನರ್. ದಿನಾ ಇದಕ್ಕೇ ಬೈತಾರೆ, ಬೈಯೋಕೆ ನೀವೂ ಜೊತೆ ಸಿಕ್ಕಿದ್ರಿ ಅಂತ ಖುಷಿಪಡ್ತಾರೆ."

ಅವಳ ಕಿವಿ ಕೆಂಪಾಯಿತು. ಅವನು ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು, ಮಾಸ್ಕ್ ಏರಿಸಿ ಬಂದು ನಿಂತ. ಕಾಣುತ್ತಿದ್ದದ್ದು ಕಣ್ಣುಗಳಷ್ಟೇ. ಆ ಕಣ್ಣುಗಳು ನಗುತ್ತಿದ್ದವು. ಅವಳಿಗೆ ಮುಂದೆ ಏನು ಕೇಳಬೇಕಿತ್ತೋ ಮರೆತೇಹೋಯಿತು.

ಆಮೇಲಿನ ಪ್ರತಿ ಭೇಟಿಯಲ್ಲೂ ಅವನು ಗೇಟಿನಲ್ಲೇ ಹಾಜರ್.

"ಈ ಸಲ ಏನು ತಪ್ಪು ಹುಡುಕ್ತೀರಿ?"

"ಹುಡುಕೋದೇನು, ಎದುರಿಗೇ ನಿಂತಿದೆ."

ಒಂದು ಬೆಳಿಗ್ಗೆ ಮಾತ್ರ ಇಬ್ಬರೂ ನಗಲಿಲ್ಲ. ಹೊರಡಲು ಸಜ್ಜಾಗಿದ್ದ ಲಾರಿಯ ಕೂಲಿಂಗ್ ಕೆಟ್ಟು, ಒಳಗಿದ್ದ ಮಾಂಸವೆಲ್ಲ ಬೆಚ್ಚಗಾಗಿತ್ತು.

"ಹೇಗಿದ್ರೂ ಎಣ್ಣೇಲಿ ಕರೀತಾರಲ್ಲಮ್ಮ," ಅವನ ಅಪ್ಪನ ದನಿ ನಡುಗಿತು. "ಇದೊಂದು ಸಲ ಬಿಟ್ಬಿಡು."

"ಆಗಲ್ಲ, ಸರ್." ಅವಳಿಗೆ ಮಗನ ಮುಖ ನೋಡುವ ಧೈರ್ಯವಾಗಲಿಲ್ಲ. ಈಗ ಇವನೂ ಬೇಡಿಕೊಂಡರೆ?

"ಅಪ್ಪ," ಅವನು ಮೆಲ್ಲಗೆ ಕೇಳಿದ, "ಇದನ್ನ ಅಕ್ಕನ ಮಗಳಿಗೆ ತಿನ್ನಿಸ್ತೀಯಾ?"

ಅಪ್ಪ ಲಾರಿಯ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಮಗನೇ ಮುಂದೆ ನಿಂತು ಇಡೀ ಲೋಡನ್ನು ನಾಶಪಡಿಸಲು ಕಳಿಸಿದ. ಬೆವರು ಒರೆಸಿಕೊಳ್ಳುತ್ತಿದ್ದ ಅವನನ್ನು ದೂರದಿಂದ ನೋಡುತ್ತಾ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಳಗಿನ ಹೃದಯ ಹೇಳಿದ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ವಾರ ಅವಳು ಆಡಿಟ್‌ಗೆ ಹಾಕಿಕೊಳ್ಳುವ ಬಿಳಿ ಕೋಟಿಲ್ಲದೆ ಬಂದಳು.

"ಇನ್ಮೇಲೆ ನಿಮ್ಮ ಆಡಿಟ್‌ಗೆ ನಾನು ಬರಲ್ಲ. ಬೇರೆಯವರು ಬರ್ತಾರೆ."

ಅವನ ಮುಖ ಇಳಿದುಹೋಯಿತು. "ಯಾಕೆ? ಆವತ್ತಿನ ಲಾರಿ ವಿಷಯಕ್ಕಾ?"

"ಅಲ್ಲ. ನಾನೇ ಬಾಸ್ ಹತ್ರ ಕೇಳ್ಕೊಂಡೆ." ಅವಳು ಬೆರಳಿಗೆ ದುಪಟ್ಟಾದ ತುದಿ ಸುತ್ತಿದಳು, ಬಿಚ್ಚಿದಳು. "ನಮ್ಮಲ್ಲೊಂದು ರೂಲ್ ಇದೆ. ಮನೆಯವರ ಆಡಿಟ್ ನಾವು ಮಾಡೋ ಹಾಗಿಲ್ಲ."

"ನಾನು ನಿಮ್ಮ ಮನೆಯವರಾ?"

"ಇನ್ನೂ ಇಲ್ಲ." ಅವಳು ತಲೆಯೆತ್ತಿ ಅವನ ಕಣ್ಣಲ್ಲೇ ಕಣ್ಣಿಟ್ಟಳು. "ಆಗ್ತೀರಾ?"

"ಅಪ್ಪಾ!" ಅವನು ಕೂಗಿದ ಜೋರಿಗೆ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಪ್ಪ ಗಾಬರಿಯಿಂದ ಓಡಿಬಂದರು. "ಏನೋ? ಇವತ್ತೂ ಲೋಡ್ ರಿಜೆಕ್ಟಾ?"

"ಇಲ್ಲಪ್ಪ!" ಎಂದ ಅವನು, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು.